ಕೈಗೆ ಸಿಕ್ಕ ಹಕ್ಕಿ, ಕಣ್ಣಿಗೆ ಬಿದ್ದ ಹಕ್ಕಿ: ಭಾರತದ ಪಕ್ಷಿ ಕೈಪಿಡಿಗಳ ಇತಿಹಾಸ

ಹಕ್ಕಿಯ ಗುರುತು ಹಿಡಿಯಲು ನೆರವಾಗುವ ಪುಸ್ತಕವೇ ಪಕ್ಷಿ ಕೈಪಿಡಿ. ವೀಕ್ಷಕರ ಬಾಯಲ್ಲಿ ಅದು ಫೀಲ್ಡ್ ಗೈಡ್. ಹೆಗಲಚೀಲದಲ್ಲಿ ಹಿಡಿಸುವ ಗಾತ್ರ, ಬಣ್ಣದ ಚಿತ್ರ, ಪ್ರತಿ ಹಕ್ಕಿಗೂ ನಾಲ್ಕಾರು ಸಾಲಿನ ವಿವರ, ಅದು ಎಲ್ಲೆಲ್ಲಿ ಸಿಗುತ್ತದೆಂದು ತೋರಿಸುವ ಪುಟ್ಟ ಭೂಪಟ, ಇಷ್ಟಿದ್ದರೆ ಅದು ಕೈಪಿಡಿ ಎಂದು ಇಂದಿನ ಓದುಗರು ಒಪ್ಪುತ್ತಾರೆ. ಭಾರತದಲ್ಲಿ ಈ ರೂಪ ಕೂಡಿಬರಲು ನೂರ ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಮೊದಮೊದಲ ಪುಸ್ತಕಗಳು ಗುಂಡೇಟಿಗೆ ಸತ್ತು ಮೇಜಿನ ಮೇಲೆ ಬಿದ್ದ ಹಕ್ಕಿಗೆಂದು ಬರೆದವು. ಅನಂತರದವು ಕೊಂಬೆಯ ಮೇಲೆ ಕೂತು ಇನ್ನೇನು ಹಾರಿಹೋಗಲಿರುವ ಹಕ್ಕಿಗೆಂದು ಬರೆದವು. ಈ ಎರಡರ ನಡುವೆ ನಡೆದದ್ದೇ ಕೈಪಿಡಿಯ ಚರಿತ್ರೆ. ಯಾವ ಪುಸ್ತಕ ಯಾರಿಗೆ ಒದಗುತ್ತದೆ ಎಂಬ ಪ್ರಶ್ನೆಗೆ ಉತ್ತರವೂ ಅದರೊಳಗೇ ಇದೆ.

ಬಂದೂಕಿನ ಕಾಲ

ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಭಾರತದ ಹಕ್ಕಿಗಳ ಮಾಹಿತಿ ಲಂಡನ್ನು, ಕಲ್ಕತ್ತಾ, ಮದರಾಸುಗಳ ವಿದ್ವತ್ ಪತ್ರಿಕೆಗಳಲ್ಲಿ ಚೆದುರಿಹೋಗಿತ್ತು. ಅದನ್ನು ಒಂದೆಡೆ ತಂದವನು ಮದರಾಸು ಸೈನ್ಯದ ವೈದ್ಯ ಥಾಮಸ್ ಜೆರ್ಡನ್. ದಕ್ಷಿಣ ಭಾರತದಲ್ಲಿ ಕೆಲಸಮಾಡುತ್ತ ಹಕ್ಕಿಗಳನ್ನು ಸಂಗ್ರಹಿಸಿದ ಅವನು ಮೊದಲು ಭಾರತೀಯ ಚಿತ್ರಕಾರರಿಂದ ಬರೆಯಿಸಿದ 50 ಫಲಕಗಳ ಒಂದು ಚಿತ್ರಸಂಪುಟ ತಂದ. ಬಳಿಕ 1862ರಿಂದ 1864ರವರೆಗೆ ‘ದಿ ಬರ್ಡ್ಸ್ ಆಫ್ ಇಂಡಿಯಾ’ ಹೊರಬಂತು. ಅದರಲ್ಲಿ 1,008 ಹಕ್ಕಿಗಳಿಗೆ ಕ್ರಮಸಂಖ್ಯೆ ಕೊಟ್ಟು ವಿವರ ಬರೆದಿದೆ. ಊರಿನ ಜನ ಕರೆಯುವ ಹೆಸರುಗಳನ್ನೂ ದಾಖಲಿಸಿದೆ. ಆದರೆ ಚಿತ್ರಗಳಿಲ್ಲ. ಹಕ್ಕಿ ಹೇಗಿದೆ ಎಂಬುದನ್ನು ನೆತ್ತಿಯಿಂದ ಬಾಲದವರೆಗೆ ಪದಗಳಲ್ಲೇ ಕಟ್ಟಿಕೊಡಬೇಕಿತ್ತು, ಓದುಗ ಆ ಪದಗಳನ್ನು ಕೈಯಲ್ಲಿದ್ದ ಹಕ್ಕಿಯೊಂದಿಗೆ ಒಂದೊಂದಾಗಿ ತಾಳೆ ನೋಡಬೇಕಿತ್ತು.

ಆ ಕಾಲದ ಎಲ್ಲ ಪುಸ್ತಕಗಳೂ ಓದುಗನ ಕೈಯಲ್ಲಿ ಹಕ್ಕಿ ಇದೆ ಎಂದೇ ಭಾವಿಸಿದ್ದವು. ಆ ಸಂಗ್ರಹದ ಉತ್ಸಾಹ ಎಷ್ಟರ ಮಟ್ಟಿನದು ಎಂಬುದಕ್ಕೆ ಎ. ಒ. ಹ್ಯೂಮ್ ಸಾಕ್ಷಿ. 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಮುಂದಾದವನೆಂದು ಚರಿತ್ರೆಯಲ್ಲಿ ಹೆಸರಾದ ಈ ಅಧಿಕಾರಿ ಅದಕ್ಕೆ ಮುಂಚೆ ದೇಶದ ದೊಡ್ಡ ಪಕ್ಷಿ ಸಂಗ್ರಾಹಕನಾಗಿದ್ದ. 1872ರಲ್ಲಿ ‘ಸ್ಟ್ರೇ ಫೆದರ್ಸ್’ ಎಂಬ ಪತ್ರಿಕೆಯನ್ನು ಆರಂಭಿಸಿ, ದೇಶದ ಮೂಲೆಮೂಲೆಯಲ್ಲಿದ್ದ ಹವ್ಯಾಸಿಗಳಿಂದ ಮಾದರಿಗಳನ್ನೂ ಟಿಪ್ಪಣಿಗಳನ್ನೂ ತರಿಸಿಕೊಂಡ. ಎಲ್ಲವನ್ನೂ ಸೇರಿಸಿ ಒಂದು ಮಹಾಗ್ರಂಥ ಬರೆಯುವ ಯೋಜನೆ ಅವನದಾಗಿತ್ತು. ಸಿಮ್ಲಾದ ಮನೆಯಲ್ಲಿಟ್ಟಿದ್ದ ಹಸ್ತಪ್ರತಿಯನ್ನು ಸೇವಕನೊಬ್ಬ ಪೇಟೆಯಲ್ಲಿ ರದ್ದಿ ಕಾಗದವಾಗಿ ಮಾರಿಬಿಟ್ಟ. ಹ್ಯೂಮ್ ಕೈಚೆಲ್ಲಿದ, ಸುಮಾರು 80,000 ಹಕ್ಕಿಗಳ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಂಗೆ ಒಪ್ಪಿಸಿದ. ಭಾರತದ ಹಕ್ಕಿಗಳ ಬಗ್ಗೆ ಮುಂದೆ ಬರೆಯುವವರು ಲಂಡನ್ನಿನ ಆ ಕಪಾಟುಗಳ ಮುಂದೆ ಕೂರಲೇಬೇಕಾಯಿತು.

ಹಾಗೆ ಕೂತು ಬರೆದದ್ದು ‘ದಿ ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯ ಪಕ್ಷಿ ಸಂಪುಟಗಳು. 1889ರಿಂದ 1898ರವರೆಗೆ ಯೂಜಿನ್ ಓಟ್ಸ್ ಮತ್ತು ಡಬ್ಲ್ಯು. ಟಿ. ಬ್ಲಾನ್‌ಫರ್ಡ್ ನಾಲ್ಕು ಸಂಪುಟ ತಂದರು. 1922ರಿಂದ 1930ರ ಅವಧಿಯಲ್ಲಿ ಪೊಲೀಸ್ ಅಧಿಕಾರಿ ಸ್ಟುವರ್ಟ್ ಬೇಕರ್ ಎರಡನೆಯ ಆವೃತ್ತಿಯನ್ನು ಎಂಟು ಸಂಪುಟಗಳಿಗೆ ಬೆಳೆಸಿದ. ಇವುಗಳ ಬೆನ್ನೆಲುಬು ‘ಕೀ’ ಎಂದು ಕರೆಯುವ ಕವಲುಪಟ್ಟಿ. ರೆಕ್ಕೆಯ ಮೊದಲ ಗರಿ ಎರಡನೆಯದಕ್ಕಿಂತ ಗಿಡ್ಡವೋ ಉದ್ದವೋ, ಮೂಗಿನ ಹೊಳ್ಳೆಯನ್ನು ಕೂದಲು ಮುಚ್ಚಿದೆಯೋ ಇಲ್ಲವೋ, ಬಾಲದಲ್ಲಿ ಗರಿಗಳು ಹತ್ತೋ ಹನ್ನೆರಡೋ ಎಂದು ಒಂದೊಂದೇ ಪ್ರಶ್ನೆಗೆ ಉತ್ತರ ಹೇಳುತ್ತ ಹೋದರೆ ಕೊನೆಯ ಕವಲಿನಲ್ಲಿ ಹಕ್ಕಿಯ ಹೆಸರು ಸಿಗುತ್ತದೆ. ವಿಧಾನ ನಿಖರ, ಆದರೆ ಮಾವಿನ ಮರದ ತುದಿಯಲ್ಲಿ ಕೂತ ಹಕ್ಕಿಯ ಬಾಲದ ಗರಿ ಎಣಿಸುವುದು ಹೇಗೆ? ಈ ಪುಸ್ತಕಗಳನ್ನು ಬಳಸಲು ಬಂದೂಕು, ಅಳತೆಪಟ್ಟಿ, ಇಲ್ಲವೇ ಮ್ಯೂಸಿಯಂ ಬೇಕೇಬೇಕಿತ್ತು.

ಸುಮಾರು 1908ರಲ್ಲಿ ಮುಂಬಯಿಯ ಹುಡುಗನೊಬ್ಬ ಏರ್‌ಗನ್ನಿನಿಂದ ಹೊಡೆದ ಗುಬ್ಬಚ್ಚಿಯ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಅದು ಯಾವ ಗುಬ್ಬಿಯೆಂದು ತಿಳಿಯಲು ಸತ್ತ ಹಕ್ಕಿಯನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಒಯ್ಯಬೇಕಾಯಿತು. ಸೊಸೈಟಿಯ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲ್ಲರ್ಡ್ ಅದನ್ನು ಹಳದಿ ಕತ್ತಿನ ಗುಬ್ಬಿ ಎಂದು ಗುರುತಿಸಿ, ಹತ್ತಿ ತುಂಬಿದ ಹಕ್ಕಿಗಳಿದ್ದ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ತೋರಿಸಿದ. ಓದಲು ಕೆಲವು ಪುಸ್ತಕಗಳನ್ನೂ ಕೊಟ್ಟ. ಆ ಹುಡುಗ ಸಲೀಂ ಅಲಿ. ಮುಂದೆ ಕೈಪಿಡಿಯನ್ನು ಡ್ರಾಯರಿನಿಂದ ಬಯಲಿಗೆ ತಂದವರು ಅವರೇ.

ಬಯಲಿನ ಕಡೆಗೆ

ಬದಲಾವಣೆಯ ಸುಳಿವು ಅಷ್ಟರಲ್ಲಾಗಲೇ ಕಂಡಿತ್ತು. ಮಿಲ್ಲರ್ಡ್ ಕೊಟ್ಟ ಪುಸ್ತಕಗಳಲ್ಲಿ ಒಂದು 1900ರಲ್ಲಿ ಬಂದ ‘ದಿ ಕಾಮನ್ ಬರ್ಡ್ಸ್ ಆಫ್ ಬಾಂಬೆ’. ಬರೆದವನು ‘ಇಹಾ’ ಎಂಬ ಹೆಸರಿನಲ್ಲಿ ಪ್ರಸಿದ್ಧನಾದ ಇ. ಎಚ್. ಐಟ್ಕೆನ್, ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ, 1883ರಲ್ಲಿ ಸೊಸೈಟಿಯನ್ನು ಕಟ್ಟಿದವರಲ್ಲಿ ಒಬ್ಬ. ಕೆಲಸದ ಮೇಲೆ ಉತ್ತರ ಕನ್ನಡದಲ್ಲಿದ್ದಾಗ ಕಂಡ ಕಾಡು, ಕೀಟ, ಪ್ರಾಣಿಗಳೇ 1894ರ ಅವನ ‘ಎ ನ್ಯಾಚುರಲಿಸ್ಟ್ ಆನ್ ದಿ ಪ್ರೌಲ್’ ಪುಸ್ತಕದ ವಸ್ತು. ಕಾಗೆ, ಹದ್ದು, ಗೊರವಂಕಗಳ ನಡೆನುಡಿಯನ್ನು ನೆರೆಮನೆಯವರ ಸುದ್ದಿ ಹೇಳಿದಂತೆ ಹಾಸ್ಯ ಬೆರೆಸಿ ಹೇಳುವ ಅವನ ಬರವಣಿಗೆಯಲ್ಲಿ ಅಳತೆಪಟ್ಟಿಗೆ ಜಾಗವಿರಲಿಲ್ಲ. ಹಕ್ಕಿ ಬದುಕಿರುವಾಗ ಹೇಗೆ ಕಾಣುತ್ತದೆ ಎಂಬುದೇ ಅಲ್ಲಿ ಮುಖ್ಯ.

ಇಹಾನ ಸರಸವನ್ನೂ ಬೇಕರನ ಶಾಸ್ತ್ರವನ್ನೂ ಒಂದು ಸಂಪುಟದಲ್ಲಿ ಕೂಡಿಸಲು ಹೊರಟವನು ಪಂಜಾಬಿನ ಪೊಲೀಸ್ ಅಧಿಕಾರಿ ಹ್ಯೂ ವಿಸ್ಲರ್. 1928ರಲ್ಲಿ ಲಂಡನ್ನಿನಿಂದ ಬಂದ ಅವನ ‘ಪಾಪ್ಯುಲರ್ ಹ್ಯಾಂಡ್‌ಬುಕ್ ಆಫ್ ಇಂಡಿಯನ್ ಬರ್ಡ್ಸ್’ನಲ್ಲಿ ಗರಿಗರಿಯ ವಿವರಣೆಯ ಜೊತೆಗೆ ಪ್ರತಿ ಹಕ್ಕಿಗೂ ಬಯಲಿನಲ್ಲಿ ಗುರುತಿಸುವ ಬಗೆ ಎಂಬ ಪ್ರತ್ಯೇಕ ಭಾಗವಿದೆ. ಗಾತ್ರ, ಎದ್ದು ಕಾಣುವ ಬಣ್ಣ, ಕೂರುವ ಜಾಗ, ಒಂಟಿಯೋ ಗುಂಪೋ ಎಂಬುದು ಕೆಲವೇ ಸಾಲುಗಳಲ್ಲಿ ಅಲ್ಲಿ ಸಿಗುತ್ತದೆ. ಭಾರತದ ಹಕ್ಕಿಪುಸ್ತಕದಲ್ಲಿ ದೂರದ ನೋಟಕ್ಕೆ ಹೀಗೆ ಅಧಿಕೃತ ಜಾಗ ಸಿಕ್ಕಿತು.

ಇದೇ ಕಾಲದಲ್ಲಿ ನೋಡುವ ಸಾಧನವೂ ಬದಲಾಗುತ್ತಿತ್ತು. 1889ರಲ್ಲಿ ಅಮೆರಿಕದ ಫ್ಲಾರೆನ್ಸ್ ಮೆರಿಯಮ್, ನಾಟಕಶಾಲೆಗೆ ಒಯ್ಯುವ ಪುಟ್ಟ ದುರ್ಬೀನಿನಿಂದ ಹಕ್ಕಿ ನೋಡುವುದನ್ನು ಕಲಿಸುವ ಪುಸ್ತಕ ಬರೆದಳು. 1894ರಲ್ಲಿ ಜರ್ಮನಿಯ ಝೈಸ್ ಕಂಪನಿ ಪ್ರಿಸಂ ಬೈನಾಕ್ಯುಲರನ್ನು ಮಾರುಕಟ್ಟೆಗೆ ತಂದಿತು. ಹಕ್ಕಿಯನ್ನು ಹತ್ತಿರಕ್ಕೆ ತರಲು ಗುಂಡು ಹಾರಿಸಬೇಕಾದ ಅಗತ್ಯ ಮೆಲ್ಲಗೆ ತಗ್ಗಿತು.

ಆ ಹೊಸ ಕಣ್ಣಿಗೆ ತಕ್ಕ ಪುಸ್ತಕ ರೋಜರ್ ಟೋರಿ ಪೀಟರ್ಸನ್‌ನದು. ಚಿತ್ರಕಲೆ ಕಲಿತ ಈ ತರುಣನ ‘ಎ ಫೀಲ್ಡ್ ಗೈಡ್ ಟು ದಿ ಬರ್ಡ್ಸ್’ಗೆ ಹಲವು ಪ್ರಕಾಶಕರು ಬಾಗಿಲು ಮುಚ್ಚಿದ ಮೇಲೆ, 1934ರಲ್ಲಿ ಬಾಸ್ಟನ್ನಿನ ಹೌಟನ್ ಮಿಫ್ಲಿನ್ ಸಂಸ್ಥೆ 2,000 ಪ್ರತಿ ಅಚ್ಚುಹಾಕಿತು. ಅವು ಬಹುಬೇಗ ಖರ್ಚಾದವು. ಬಹುಪಾಲು ಚಿತ್ರಗಳು ಕಪ್ಪುಬಿಳುಪಿನವು. ಅವನ ಹೊಸತನವಿದ್ದದ್ದು ಬಿಟ್ಟುಬಿಡುವುದರಲ್ಲಿ: ಒಂದನ್ನೊಂದು ಹೋಲುವ ಹಕ್ಕಿಗಳನ್ನು ಒಂದೇ ಪುಟದಲ್ಲಿ ಒಂದೇ ಭಂಗಿಯಲ್ಲಿ ಸಾಲಾಗಿ ನಿಲ್ಲಿಸಿ, ಒಂದನ್ನು ಇನ್ನೊಂದರಿಂದ ಬೇರೆ ಮಾಡುವ ಗುರುತಿಗೆ ಮಾತ್ರ ಪುಟ್ಟ ಗೆರೆಯೊಂದನ್ನು ಎಳೆದ. ನಮ್ಮ ಕಾಜಾಣಗಳನ್ನು ಈ ವಿಧಾನದಲ್ಲಿ ಬರೆದರೆ, ಕರಿ ಕಾಜಾಣದ ಬಾಯಿಯ ಅಂಚಿನಲ್ಲಿರುವ ಬಿಳಿ ಚುಕ್ಕೆಗೆ ಒಂದು ಗೆರೆ, ಬೂದು ಕಾಜಾಣದ ಕೆಂಪು ಕಣ್ಣಿಗೆ ಇನ್ನೊಂದು. ಮಿಕ್ಕ ವಿವರ ಬೇಡ. 1966ರಲ್ಲಿ ಅಮೆರಿಕದ ಇನ್ನೊಂದು ಕೈಪಿಡಿ ಚಿತ್ರ, ವಿವರ, ಭೂಪಟ ಮೂರನ್ನೂ ಎದುರುಬದುರು ಪುಟಗಳಲ್ಲಿ ಕೂಡಿಸಿತು. ಇಂದು ಲೋಕದಲ್ಲೆಲ್ಲ ನಡೆಯುತ್ತಿರುವ ಮಾದರಿ ಅದೇ.

ಸಲೀಂ ಅಲಿಯವರ ಪುಸ್ತಕ

ದೂರದಿಂದ ನೋಡುವ ಕಣ್ಣಿಗೆ ತಕ್ಕ ಪುಸ್ತಕ ಭಾರತಕ್ಕೆ ಬಂದದ್ದು 1941ರಲ್ಲಿ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಪ್ರಕಟಿಸಿದ ಸಲೀಂ ಅಲಿಯವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಎಲ್ಲ ಹಕ್ಕಿಗಳನ್ನೂ ಹೇಳಲು ಹೋಗಲಿಲ್ಲ. ತೋಟ, ಹೊಲ, ಕೆರೆಯಂಗಳಗಳಲ್ಲಿ ಸಾಮಾನ್ಯವಾಗಿ ಕಾಣುವವನ್ನು ಆರಿಸಿಕೊಂಡು ಬಣ್ಣದ ಚಿತ್ರ ಕೊಟ್ಟಿತು. ಅದರ ಎರಡು ಉಪಾಯಗಳನ್ನು ಇಲ್ಲಿ ಹೇಳಬೇಕು. ಒಂದು, ಗಾತ್ರವನ್ನು ಅಂಗುಲದಲ್ಲಿ ಹೇಳುವ ಬದಲು ಎಲ್ಲರೂ ಕಂಡ ಹಕ್ಕಿಗೆ ಹೋಲಿಸಿ ಹೇಳುವುದು. ಗುಬ್ಬಚ್ಚಿ, ಪಿಕಳಾರ, ಗೊರವಂಕ, ಕಾಗೆ, ಹದ್ದುಗಳೇ ಅಲ್ಲಿ ಅಳತೆಗೋಲು. ಗೊರವಂಕದ ಮುಂದೆ ಕೂಡುವ ಚಿಹ್ನೆಯಿದ್ದರೆ ಹಕ್ಕಿ ಅದಕ್ಕಿಂತ ತುಸು ದೊಡ್ಡದು, ಕಳೆಯುವ ಚಿಹ್ನೆಯಿದ್ದರೆ ತುಸು ಚಿಕ್ಕದು. ಇನ್ನೊಂದು, ಎದ್ದು ಕಾಣುವ ಬಣ್ಣವನ್ನು ಹಿಡಿದು ಮಾಡಿದ ಪಟ್ಟಿಗಳು. ಹಕ್ಕಿಶಾಸ್ತ್ರದ ಕುಲಗೋತ್ರ ತಿಳಿಯದವರೂ ಮೈಯಲ್ಲಿ ಕೆಂಪಿತ್ತು, ಹಸಿರಿತ್ತು ಎಂಬಷ್ಟನ್ನೇ ಆಧಾರ ಮಾಡಿಕೊಂಡು ಹುಡುಕಬಹುದಿತ್ತು.

ಈ ಪುಸ್ತಕದ ಹಿಂದೆ ಹಲವು ಪ್ರಾಂತಗಳಲ್ಲಿ ನಡೆಸಿದ ಪಕ್ಷಿ ಸಮೀಕ್ಷೆಗಳ ಅನುಭವವಿತ್ತು. ಮೈಸೂರು ಸಂಸ್ಥಾನದ ನೆರವಿನಿಂದ 1939-40ರಲ್ಲಿ ನಡೆದದ್ದು ಅವುಗಳಲ್ಲಿ ಒಂದು. ಅದರ ಫಲಿತಾಂಶ ‘ದಿ ಬರ್ಡ್ಸ್ ಆಫ್ ಮೈಸೂರ್’ ಎಂಬ ಹೆಸರಿನಲ್ಲಿ, ವಿಸ್ಲರನ ಟಿಪ್ಪಣಿಗಳ ಸಮೇತ, ಸೊಸೈಟಿಯ ನಿಯತಕಾಲಿಕದಲ್ಲಿ ಕಂತುಕಂತಾಗಿ ಅಚ್ಚಾಯಿತು. ಸಲೀಂ ಅಲಿಯವರ ಸಲಹೆಯಂತೆ ಶ್ರೀರಂಗಪಟ್ಟಣದ ಬಳಿಯ ಕಾವೇರಿ ನಡುಗಡ್ಡೆಗಳನ್ನು 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು, ಅದೇ ರಂಗನತಿಟ್ಟು. ಸಮೀಕ್ಷೆಗೆ ಆಗಲೂ ಬಂದೂಕು ಬೇಕಿತ್ತು, ಮಾದರಿಗಳು ಮ್ಯೂಸಿಯಂ ಸೇರಬೇಕಿತ್ತು. ಹಾಗೆ ಕೈಯಲ್ಲಿ ಹಿಡಿದು ಕಲಿತವರೇ ಕೈಯಲ್ಲಿ ಹಿಡಿಯದೆ ಕಲಿಯುವ ದಾರಿಯನ್ನು ಬೇರೆಯವರಿಗೆ ಮಾಡಿಕೊಟ್ಟರು.

ಪುಸ್ತಕ ಅನಿರೀಕ್ಷಿತ ಜಾಗಗಳಿಗೂ ಹೋಯಿತು. ಜವಾಹರಲಾಲ್ ನೆಹರು ಡೆಹ್ರಾಡೂನ್ ಸೆರೆಮನೆಯಿಂದ ಅದರ ಪ್ರತಿಯೊಂದನ್ನು ಮಗಳು ಇಂದಿರಾಗೆ ಕಳಿಸಿದರು. ಹಕ್ಕಿಗಳತ್ತ ತಮ್ಮ ಕಣ್ಣು ತೆರೆದದ್ದು ಅದರಿಂದಲೇ ಎಂದು ಇಂದಿರಾ ಗಾಂಧಿ ಮುಂದೆ ಬರೆದಿದ್ದಾರೆ. 2002ರ ವೇಳೆಗೆ ಅದು 13 ಆವೃತ್ತಿ ಕಂಡಿತ್ತು. ಲಯೀಕ್ ಫತೇಹಲ್ಲಿಯವರೊಂದಿಗೆ ಸಲೀಂ ಅಲಿ ಬರೆದ ‘ಕಾಮನ್ ಬರ್ಡ್ಸ್’ ಎಂಬ ಅಗ್ಗದ ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟ್ 1967ರಲ್ಲಿ ತಂದು ಭಾರತೀಯ ಭಾಷೆಗಳಿಗೂ ಅನುವಾದಿಸಿತು.

ಎಲ್ಲ ಹಕ್ಕಿಗಳನ್ನೂ ಒಳಗೊಂಡ ಪುಸ್ತಕವಾಗಿ ಸಲೀಂ ಅಲಿ ಮತ್ತು ಅಮೆರಿಕದ ಡಿಲ್ಲನ್ ರಿಪ್ಲಿ ಬರೆದ ‘ಹ್ಯಾಂಡ್‌ಬುಕ್ ಆಫ್ ದಿ ಬರ್ಡ್ಸ್ ಆಫ್ ಇಂಡಿಯಾ ಅಂಡ್ ಪಾಕಿಸ್ತಾನ್’ 1968ರಿಂದ 1974ರ ನಡುವೆ ಬಂತು. ಹತ್ತು ಸಂಪುಟಗಳನ್ನು ಹೊತ್ತು ಕಾಡಿಗೆ ಹೋಗುವಂತಿರಲಿಲ್ಲ. ಅದು ಮನೆಯ ಕಪಾಟಿನ ಪುಸ್ತಕ. 1980ರಲ್ಲಿ ಮಾರ್ಟಿನ್ ವುಡ್‌ಕಾಕ್ ಚಿತ್ರ ಬರೆದು ರಚಿಸಿದ ಕಾಲಿನ್ಸ್ ಕೈಪಿಡಿ ಚೀಲಕ್ಕೆ ಹಗುರವಾಗಿತ್ತು. 1983ರಲ್ಲಿ, ಸೊಸೈಟಿಗೆ ನೂರು ವರ್ಷ ತುಂಬಿದಾಗ, ಜಾನ್ ಹೆನ್ರಿ ಡಿಕ್ ಬರೆದ ಚಿತ್ರಗಳ ‘ಎ ಪಿಕ್ಟೋರಿಯಲ್ ಗೈಡ್’ ಬಂತು. ಉಪಖಂಡದ ಹಕ್ಕಿಗಳ ಚಿತ್ರಗಳು ಒಂದೇ ಸಂಪುಟದಲ್ಲಿ ಸಿಕ್ಕವು, ಆದರೆ ವಿವರ ತೀರ ಕಡಿಮೆ. ಹೀಗಾಗಿ ಒಂದರಲ್ಲಿ ಚಿತ್ರ, ಇನ್ನೊಂದರಲ್ಲಿ ಮಾತು, ಮತ್ತೊಂದರಲ್ಲಿ ಹಗುರ ಎಂಬಂತೆ ವೀಕ್ಷಕರು ಎರಡು ಮೂರು ಪುಸ್ತಕಗಳನ್ನು ಒಟ್ಟಿಗೆ ತಿರುವಿಹಾಕುತ್ತಿದ್ದರು.

ಗೂಬೆ ಕಲಿಸಿದ ಪಾಠ

ಮಾತು, ಚಿತ್ರ, ಭೂಪಟ ಒಂದೇ ರಟ್ಟಿನೊಳಗೆ ಕೂಡಿದ್ದು ಶತಮಾನದ ಕೊನೆಯಲ್ಲಿ. ರಿಚರ್ಡ್ ಗ್ರಿಮೆಟ್, ಕರೋಲ್ ಇನ್ಸ್‌ಕಿಪ್ ಮತ್ತು ಟಿಮ್ ಇನ್ಸ್‌ಕಿಪ್ ಬರೆದ ‘ಬರ್ಡ್ಸ್ ಆಫ್ ದಿ ಇಂಡಿಯನ್ ಸಬ್‌ಕಾಂಟಿನೆಂಟ್’ 1998ರಲ್ಲಿ ಸುಮಾರು 1,300 ಹಕ್ಕಿಗಳನ್ನು 153 ಫಲಕಗಳಲ್ಲಿ ತೋರಿಸಿತು. ಗಂಡು ಹೆಣ್ಣು, ಮರಿ ದೊಡ್ಡದು, ಚಳಿಗಾಲದ ಗರಿ ಮತ್ತು ಗೂಡುಕಟ್ಟುವ ಕಾಲದ ಗರಿ ಎಲ್ಲಕ್ಕೂ ಬೇರೆಬೇರೆ ಚಿತ್ರಗಳು. ಪುಸ್ತಕ ಇಟ್ಟಿಗೆಯಂತೆ ಭಾರವಾಗಿದ್ದರಿಂದ ಮರುವರ್ಷವೇ ಅದರ ಕಿರುರೂಪ ತರಬೇಕಾಯಿತು. 2000ದಲ್ಲಿ ಕ್ರಿಸ್ ಕಾಜ್ಮಿಯರ್‌ಚಾಕ್ ಮತ್ತು ಬೆರ್ ವಾನ್ ಪೆರ್ಲೊ ಅವರ ಕೈಪಿಡಿ, 2005ರಲ್ಲಿ ಗ್ರಿಮೆಟ್ ಮತ್ತು ಇನ್ಸ್‌ಕಿಪ್ ದಕ್ಷಿಣ ಭಾರತಕ್ಕೆಂದೇ ಮಾಡಿದ ಪುಸ್ತಕ ಬಂದವು.

2005ರಲ್ಲೇ ಬಂದ ಪಮೇಲಾ ರಾಸ್ಮುಸೆನ್ ಮತ್ತು ಜಾನ್ ಆಂಡರ್‌ಟನ್ ಅವರ ‘ಬರ್ಡ್ಸ್ ಆಫ್ ಸೌತ್ ಏಷ್ಯಾ: ದಿ ರಿಪ್ಲಿ ಗೈಡ್’ ಬೇರೆ ಹಾದಿ ಹಿಡಿಯಿತು. ಹಿಂದಿನ ಪುಸ್ತಕಗಳ ಮಾತನ್ನು ಹಾಗೇ ನಂಬದೆ ಮ್ಯೂಸಿಯಂ ಮಾದರಿಗಳನ್ನು ಮತ್ತೆ ಒಂದೊಂದಾಗಿ ಪರಿಶೀಲಿಸಿ ಬರೆದದ್ದು ಅದು. ಎರಡು ಸಂಪುಟಗಳಲ್ಲಿ ಒಂದು ಬಯಲಿಗೆ, ಇನ್ನೊಂದು ಮನೆಗೆ. ಮನೆಯ ಸಂಪುಟದಲ್ಲಿ ಹಕ್ಕಿಯ ದನಿಯನ್ನು ಗೆರೆಚಿತ್ರವಾಗಿ ತೋರಿಸುವ ಸೋನೋಗ್ರಾಮ್‌ಗಳೂ ಇವೆ.

ಈ ಮರುಪರಿಶೀಲನೆ ಏಕೆ ಬೇಕಾಯಿತು ಎಂಬುದಕ್ಕೆ ಕಾಡು ಹಾಲಕ್ಕಿಯ ಪ್ರಸಂಗ ಉತ್ತರ ಹೇಳುತ್ತದೆ. ಮಧ್ಯಭಾರತದ ಈ ಪುಟ್ಟ ಗೂಬೆಯನ್ನು 1873ರಲ್ಲಿ ಹ್ಯೂಮ್ ವಿವರಿಸಿದ್ದ. ಜಗತ್ತಿನ ಮ್ಯೂಸಿಯಂಗಳಲ್ಲಿ ಇದ್ದದ್ದು ಬೆರಳೆಣಿಕೆಯ ಮಾದರಿಗಳು. ಅವುಗಳಲ್ಲಿ ಕೊನೆಯದು 1914ರಲ್ಲಿ ಗುಜರಾತಿನಲ್ಲಿ ಸಿಕ್ಕಿತೆಂದು ಬ್ರಿಟಿಷ್ ಸಂಗ್ರಾಹಕ ರಿಚರ್ಡ್ ಮೈನರ್ಟ್ಸ್‌ಹಾಗನ್ ಬರೆದುಕೊಂಡಿದ್ದ. ಅದನ್ನು ನಂಬಿ ಅಲ್ಲಿ ಹುಡುಕಿದವರಿಗೆ ಏನೂ ಸಿಕ್ಕಿರಲಿಲ್ಲ. ಅದು ಮ್ಯೂಸಿಯಂನಿಂದ ಕದ್ದು ಹೊಸ ಚೀಟಿ ಅಂಟಿಸಿದ ಹಳೆಯ ಮಾದರಿಯೆಂದು ರಾಸ್ಮುಸೆನ್ ಮತ್ತು ಸಂಗಡಿಗರು ಪತ್ತೆ ಹಚ್ಚಿದರು. ಸುಳ್ಳು ಊರನ್ನು ಪಟ್ಟಿಯಿಂದ ತೆಗೆದು ನಿಜವಾದ ಚೀಟಿಗಳ ಜಾಡು ಹಿಡಿದು ಹೊರಟ ತಂಡಕ್ಕೆ 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಹಗಲಲ್ಲೇ ಆ ಗೂಬೆ ಕಂಡಿತು. ಊರೂರಲ್ಲಿ ಕಾಣುವ ಚುಕ್ಕೆ ಹಾಲಕ್ಕಿಗಿರುವಂತೆ ಅದರ ನೆತ್ತಿಯಲ್ಲಿ ಎದ್ದು ಕಾಣುವ ಚುಕ್ಕೆಗಳಿಲ್ಲ, ರೆಕ್ಕೆ ಬಾಲಗಳಲ್ಲಿ ಅಗಲವಾದ ಪಟ್ಟೆಗಳಿವೆ ಎಂಬುದು ಮಾದರಿಗಳನ್ನು ಕೈಯಲ್ಲಿ ಹಿಡಿದು ಕಲಿತವರಿಗೆ ಮೊದಲೇ ಗೊತ್ತಿತ್ತು. ಡ್ರಾಯರಿನ ಹಕ್ಕಿ ಬಯಲಿನ ಹಕ್ಕಿಯ ಗುರುತು ಹಿಡಿಸಿತು.

ಕನ್ನಡದ ಹೆಸರು, ಕನ್ನಡದ ಪುಸ್ತಕ

ಇಂಗ್ಲಿಷ್ ಕೈಪಿಡಿಗಳಲ್ಲಿ ಹಕ್ಕಿಗಳ ಹೆಸರೇ ಕಾಲಕಾಲಕ್ಕೆ ಬದಲಾಗಿದೆ. ಹಳೆಯ ಪುಸ್ತಕದ ಕ್ರೋ ಫೆಸಂಟ್ ಇಂದು ಗ್ರೇಟರ್ ಕೌಕಲ್. ಬ್ಲೂ ಜೇ ಇಂದು ಇಂಡಿಯನ್ ರೋಲರ್. ಕನ್ನಡದಲ್ಲಿ ಅವು ಅಂದಿಗೂ ಇಂದಿಗೂ ಕೆಂಬೂತ ಮತ್ತು ನೀಲಕಂಠ. ಆದರೆ ಕನ್ನಡಕ್ಕೆ ಬೇರೆ ತೊಡಕಿದೆ. ಸಾಮಾನ್ಯ ಹಕ್ಕಿಗೆ ಸೀಮೆಗೊಂದು ಹೆಸರು; ಚಳಿಗಾಲಕ್ಕೆ ವಲಸೆ ಬರುವ, ಒಂದರಂತೆ ಇನ್ನೊಂದಿರುವ ಉಲಿಯಕ್ಕಿಗಳಿಗೆ ಬೇರೆಬೇರೆ ಹೆಸರೇ ಇಲ್ಲ. ಕನ್ನಡದಲ್ಲಿ ಕೈಪಿಡಿ ಬರೆಯುವವರು ಇರುವ ಹೆಸರನ್ನು ಆರಿಸಬೇಕು, ಇಲ್ಲದ್ದನ್ನು ಕಟ್ಟಬೇಕು.

ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ‘ಕನ್ನಡ ನಾಡಿನ ಹಕ್ಕಿಗಳು’ ಮಾಲೆಯಲ್ಲಿ ‘ಮಿಂಚುಳ್ಳಿ’, ‘ಹೆಜ್ಜೆ ಮೂಡದ ಹಾದಿ’, ‘ಹಕ್ಕಿಪುಕ್ಕ’ ಪುಸ್ತಕಗಳ ಮೂಲಕ ಆ ಕೆಲಸಕ್ಕೆ ಕೈಹಾಕಿದರು. ಛಾಯಾಚಿತ್ರಗಳ ಜೊತೆ ಹಕ್ಕಿಯ ಬದುಕನ್ನೂ ಹೇಳುವ ಈ ಪುಸ್ತಕಗಳು ಕನ್ನಡ ಓದುಗರಲ್ಲಿ ಅನೇಕರನ್ನು ಹಕ್ಕಿಗಳತ್ತ ತಿರುಗಿಸಿದವು. ಕಥೆಗಾರನ ಬರವಣಿಗೆಯೂ ವೀಕ್ಷಕನ ಗುರುತುಗಳೂ ಒಂದೆಡೆ ಕೂಡಿದ್ದರಿಂದ ಅವನ್ನು ಪೀಟರ್ಸನ್ನನ ಸಾಲಿಗಿಂತ ಇಹಾನ ಸಾಲಿನಲ್ಲಿ ಇಡುವುದು ಸೂಕ್ತ.

ಚಿತ್ರವೋ ಛಾಯಾಚಿತ್ರವೋ, ಪುಸ್ತಕವೋ ಫೋನೋ

ಡಿಜಿಟಲ್ ಕ್ಯಾಮರಾ ಬಂದ ಮೇಲೆ ಛಾಯಾಚಿತ್ರದ ಕೈಪಿಡಿಗಳು ಹೆಚ್ಚಿದವು. ಫೋಟೊದಲ್ಲಿ ಸಿಗುವುದು ಒಂದು ಗಳಿಗೆಯ ಒಂದು ಹಕ್ಕಿ: ಆ ಬೆಳಕು, ಆ ಭಂಗಿ, ಆ ನೆರಳು. ಚಿತ್ರಕಾರ ಬರೆಯುವುದು ಹಲವಾರು ಹಕ್ಕಿಗಳನ್ನು ನೋಡಿ ಸೋಸಿದ ಸಾಮಾನ್ಯ ರೂಪವನ್ನು. ಉಲಿಯಕ್ಕಿ, ಹದ್ದು, ಕೆಸರಿನಲ್ಲಿ ಓಡಾಡುವ ಕಡಲತೀರದ ಹಕ್ಕಿಗಳಂಥ ಕಷ್ಟದ ಗುಂಪುಗಳಲ್ಲಿ ಕೈಯಲ್ಲಿ ಬರೆದ ಚಿತ್ರಕ್ಕೆ ಇಂದಿಗೂ ಮೇಲುಗೈ ಇರುವುದು ಇದರಿಂದ.

2002ರಲ್ಲಿ ಅಮೆರಿಕದ ಕಾರ್ನೆಲ್ ಪ್ರಯೋಗಾಲಯ ಮತ್ತು ಆಡುಬಾನ್ ಸಂಸ್ಥೆ ಆರಂಭಿಸಿದ ಇಬರ್ಡ್ ಜಾಲದಲ್ಲಿ ಈಗ ಭಾರತದ ವೀಕ್ಷಕರೂ ತಾವು ಕಂಡದ್ದನ್ನು ದಾಖಲಿಸುತ್ತಾರೆ. ಅದೇ ಪ್ರಯೋಗಾಲಯದ ಮರ್ಲಿನ್ ಆ್ಯಪ್ 2014ರಲ್ಲಿ ಬಂತು. 2021ರಿಂದ ದನಿ ಕೇಳಿ ಹಕ್ಕಿಯ ಹೆಸರು ಸೂಚಿಸುವುದನ್ನೂ ಕಲಿಯಿತು. ಊರು ಮತ್ತು ತಿಂಗಳು ಹೇಳಿದರೆ ಅಲ್ಲಿ ಆಗ ಸಿಗಬಹುದಾದ ಹಕ್ಕಿಗಳನ್ನಷ್ಟೇ ಅದು ಮುಂದಿಡುತ್ತದೆ. ಪುಸ್ತಕದ ಭೂಪಟ ಮಾಡುತ್ತಿದ್ದ ಕೆಲಸವೇ ಇದು, ಹೆಚ್ಚು ಸೂಕ್ಷ್ಮವಾಗಿ. ಆದರೆ ಆ್ಯಪ್ ಉತ್ತರ ಕೊಡುತ್ತದೆ. ಹೋಲುವ ಹಕ್ಕಿಗಳನ್ನು ಒಂದೇ ಪುಟದಲ್ಲಿ ಪಕ್ಕಪಕ್ಕ ಇಟ್ಟು ನೋಡುವ ರೂಢಿ ಪುಸ್ತಕದಿಂದಲೇ ಬರುವಂಥದು.

ಕೈಪಿಡಿಯನ್ನು ಆರಿಸುವ ಮಾನದಂಡಗಳು ಈ ಚರಿತ್ರೆಯ ಹೆಜ್ಜೆಗಳೇ ಆಗಿವೆ. ಹೊಸಬರಿಗೆ ಸಲೀಂ ಅಲಿಯವರ ಮೊದಲ ಪುಸ್ತಕದಂತೆ ಕಡಿಮೆ ಹಕ್ಕಿಗಳ ಪುಸ್ತಕ ಹೆಚ್ಚು ಉಪಯೋಗಿ. 1,300 ಹಕ್ಕಿಗಳ ನಡುವೆ ಹಿತ್ತಿಲಿನ ಹಕ್ಕಿಯನ್ನು ಹುಡುಕುವುದು ದಣಿವಿನ ಕೆಲಸ. ಐನೂರಕ್ಕೂ ಹೆಚ್ಚು ಬಗೆಯ ಹಕ್ಕಿಗಳು ದಾಖಲಾಗಿರುವ ಕರ್ನಾಟಕದಲ್ಲಿ ಓಡಾಡುವವರಿಗೆ ಹಿಮಾಲಯದ ಹಕ್ಕಿಗಳನ್ನು ಬಿಟ್ಟ ದಕ್ಷಿಣ ಭಾರತದ ಕೈಪಿಡಿ ಸಾಕು. ಚಿತ್ರ, ವಿವರ, ಭೂಪಟ ಎದುರುಬದುರು ಪುಟದಲ್ಲಿದ್ದರೆ ಹಕ್ಕಿ ಹಾರಿಹೋಗುವ ಮುನ್ನ ಕೆಲಸ ಮುಗಿಯುತ್ತದೆ. ಇತ್ತೀಚಿನ ಆವೃತ್ತಿಯಾದರೆ ಹೆಸರುಗಳು ಬೇರೆ ವೀಕ್ಷಕರ ಪಟ್ಟಿಗಳಿಗೆ ಹೊಂದುತ್ತವೆ. ಸಂದೇಹ ಉಳಿದಾಗ ಮನೆಯಲ್ಲಿ ನೋಡಲು ದಪ್ಪ ಪುಸ್ತಕವೊಂದು ಬೇಕು.

ಬಂದೂಕಿನ ಕಾಲದ ಪುಸ್ತಕಗಳೂ ಪೂರ್ತಿ ಮೂಲೆ ಸೇರಿಲ್ಲ. ವಲಸೆಯ ಅಧ್ಯಯನಕ್ಕಾಗಿ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು ಕಾಲಿಗೆ ಉಂಗುರ ತೊಡಿಸುವ ಸಂಶೋಧಕರಿಗೆ ರೆಕ್ಕೆಯ ಉದ್ದ, ಗರಿಗಳ ಕ್ರಮ, ಕೊಕ್ಕಿನ ಅಳತೆ ಇಂದಿಗೂ ಬೇಕು. ಓಟ್ಸ್, ಬೇಕರ್ ಕೇಳಿದ ಪ್ರಶ್ನೆಗಳನ್ನೇ ಅವರೂ ಕೇಳುತ್ತಾರೆ. ಅಳತೆ ಮುಗಿದ ಮೇಲೆ ಕೈ ಬಿಚ್ಚಿ ಹಕ್ಕಿಯನ್ನು ಹಾರಲು ಬಿಡುತ್ತಾರೆ.